ಒಂದು ಮೈಲಿ ಉದ್ದದ ನಾಣ್ಯಗಳು

ಮಗನನ್ನೋ ಮಗಳನ್ನೋ ಚಿತ್ರಕಲೆಯ ತರಗತಿಗೆ ಸೇರಿಸಿದ ತಾಯಂದಿರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಖರ್ಚು ಫೀಸಿಗೇ ಮುಗಿಯುವುದಿಲ್ಲ. ಬಣ್ಣ, ಕುಂಚ, ಒಳ್ಳೆಯ ಕಾಗದ, ಹೋಗಿ ಬರುವ ರಿಕ್ಷಾ ಬಾಡಿಗೆ, ಕರೆದುಕೊಂಡು ಹೋಗಲು ಬಿಡುವಿರುವ ಒಬ್ಬ ಹಿರಿಯರು, ಇಷ್ಟೆಲ್ಲ ಇದ್ದರೆ ಮಾತ್ರ ಕಲಿಕೆ. ಇವು ಯಾವುವೂ ಇಲ್ಲದ ಮನೆಯ ಮಗುವಿನ ಬೆರಳುಗಳಲ್ಲಿ ಕಲೆ ಇದ್ದರೆ ಏನು ಮಾಡಬೇಕು? ಅದರ ಮೇಲೆ, ಕಲಾಶಾಲೆಯ ಬಾಗಿಲಿನಲ್ಲೇ ಮೈಬಣ್ಣ ನೋಡಿ ವಾಪಸು ಕಳಿಸುವ ಕಾಲ ಅದಾಗಿದ್ದರೆ?

ಈ ಪ್ರಶ್ನೆಯನ್ನು ತಮ್ಮ ಬದುಕಿನಲ್ಲೇ ಎದುರಿಸಿದ ಇಬ್ಬರು ಮಹಿಳೆಯರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಒಬ್ಬರು ನ್ಯೂಯಾರ್ಕಿನ ಶಿಲ್ಪಿ ಆಗಸ್ಟಾ ಸ್ಯಾವೇಜ್. ಇನ್ನೊಬ್ಬರು ಶಿಕಾಗೋದ ಶಿಕ್ಷಕಿ, ಕಲಾವಿದೆ ಮಾರ್ಗರೆಟ್ ಬರೋಸ್. ಇಬ್ಬರೂ ಆಫ್ರಿಕನ್ ಅಮೆರಿಕನ್ನರು. ಇಬ್ಬರ ಹೆಸರೂ ತಂತಮ್ಮ ಬಡಾವಣೆಯ ಒಂದೊಂದು ಕಲಾಕೇಂದ್ರದೊಂದಿಗೆ ಸೇರಿಕೊಂಡಿದೆ. ಎರಡೂ ಕೇಂದ್ರಗಳು ಬೆಳೆದದ್ದು ಒಂದೇ ಸರ್ಕಾರಿ ಯೋಜನೆಯ ಆಸರೆಯಲ್ಲಿ. ಆದರೆ ಒಂದು ಸುಮಾರು ಐದು ವರ್ಷಗಳಲ್ಲಿ ಮುಚ್ಚಿಹೋಯಿತು. ಇನ್ನೊಂದು ಎಂಬತ್ತು ವರ್ಷ ದಾಟಿದರೂ ಅದೇ ಮನೆಯಲ್ಲಿ ನಡೆಯುತ್ತಿದೆ. ಈ ವ್ಯತ್ಯಾಸ ಏಕಾಯಿತು ಎಂಬುದು ಸಂಘ ಸಂಸ್ಥೆಗಳಲ್ಲಿ ದುಡಿಯುವ ನಮ್ಮಂಥವರು ಯೋಚಿಸಬೇಕಾದ ವಿಷಯ.

ಜೇಡಿಮಣ್ಣಿನ ಹುಡುಗಿ

ಆಗಸ್ಟಾ ಹುಟ್ಟಿದ್ದು 1892ರಲ್ಲಿ, ಫ್ಲಾರಿಡಾ ರಾಜ್ಯದ ಗ್ರೀನ್ ಕೋವ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಇಟ್ಟಿಗೆ ಮಾಡುವುದಕ್ಕೆ ಹೇಳಿಮಾಡಿಸಿದಂಥ ಜೇಡಿಮಣ್ಣು ಅಲ್ಲಿ ಧಾರಾಳವಾಗಿತ್ತು. ಹುಡುಗಿ ಆ ಮಣ್ಣಿನಲ್ಲಿ ಬಾತುಕೋಳಿ, ಹಂದಿಮರಿ ಮುಂತಾದವನ್ನು ಮಾಡುತ್ತಾ ಕೂರುತ್ತಿದ್ದಳು. ತಂದೆ ಚರ್ಚಿನ ಬೋಧಕರು. ಮೂರ್ತಿ ಮಾಡುವುದು ಪಾಪ ಎಂದು ನಂಬಿದ್ದ ಅವರು ಮಗಳಿಗೆ ಚೆನ್ನಾಗಿ ಹೊಡೆಯುತ್ತಿದ್ದರು. ಹದಿನಾರಕ್ಕೆಲ್ಲ ಆಕೆ ಒಂದು ಮಗುವಿನ ತಾಯಿಯೂ ಆಗಿದ್ದಳು. ಆದರೂ ಮಣ್ಣು ಕೈಬಿಡಲಿಲ್ಲ. 1919ರಲ್ಲಿ ಜಿಲ್ಲಾ ಜಾತ್ರೆಯೊಂದರಲ್ಲಿ ಆಕೆಯ ಮಣ್ಣಿನ ಬೊಂಬೆಗಳಿಗೆ 25 ಡಾಲರ್ ಬಹುಮಾನ ಬಂತು. ಅದರಿಂದ ಧೈರ್ಯ ತಂದುಕೊಂಡು 1921ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಕೈಯಲ್ಲಿ ಉಳಿದಿದ್ದದ್ದು 4 ಡಾಲರ್ 60 ಸೆಂಟ್.

ನ್ಯೂಯಾರ್ಕಿನಲ್ಲಿ ಕೂಪರ್ ಯೂನಿಯನ್ ಎಂಬ ಸಂಸ್ಥೆ ಇತ್ತು. ಅಲ್ಲಿ ಕಲಿಯಲು ಫೀಸು ಕೊಡಬೇಕಾಗಿರಲಿಲ್ಲ. ಆಗಸ್ಟಾಗೆ ಅಲ್ಲಿ ಪ್ರವೇಶ ಸಿಕ್ಕಿತು. ಆದರೆ ಫೀಸಿಲ್ಲದಿದ್ದರೆ ಸಾಕೆ? ಊಟ, ಬಾಡಿಗೆ ಯಾರು ಕೊಡಬೇಕು? ಇದ್ದ ಕೆಲಸ ಹೋದಾಗ ಓದು ನಿಂತೇಹೋಗುವ ಸ್ಥಿತಿ ಬಂತು. ಆಗ ಸಂಸ್ಥೆಯವರೇ ಆಕೆಯ ಜೀವನ ಖರ್ಚಿಗೂ ನೆರವು ಕೊಟ್ಟರು. ಉಚಿತ ಶಿಕ್ಷಣ ಎಂದರೆ ಫೀಸು ಮನ್ನಾ ಮಾಡುವುದಷ್ಟೇ ಅಲ್ಲ ಎಂಬ ಪಾಠ ಆಕೆಗೆ ಅಲ್ಲಿ ಸಿಕ್ಕಿರಬೇಕು.

ಎರಡನೆಯ ಪಾಠ ಕಹಿಯಾದದ್ದು. 1923ರಲ್ಲಿ ಅಮೆರಿಕದ ಯುವತಿಯರಿಗಾಗಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಬೇಸಿಗೆ ಕಲಾಶಾಲೆಯೊಂದು ಏರ್ಪಾಡಾಗಿತ್ತು. ಆಗಸ್ಟಾ ಅರ್ಜಿ ಹಾಕಿದರು. ಅರ್ಜಿದಾರಳು ಕಪ್ಪು ಹೆಣ್ಣುಮಗಳು ಎಂದು ಗೊತ್ತಾದ ಕೂಡಲೇ ಅಮೆರಿಕದ ಆಯ್ಕೆ ಸಮಿತಿ ಬೇಡವೆಂದಿತು. ದಕ್ಷಿಣದ ರಾಜ್ಯಗಳಿಂದ ಬರುವ ಬಿಳಿಯ ಹುಡುಗಿಯರಿಗೆ ಆಕೆಯ ಜೊತೆ ಪ್ರಯಾಣ, ವಾಸ ಇರಿಸುಮುರಿಸಾಗುತ್ತದೆ ಎಂಬುದು ಅವರು ಮುಂದಿಟ್ಟ ಕಾರಣ. ಆಗಸ್ಟಾ ಸುಮ್ಮನಿರದೆ ವಿಷಯವನ್ನು ಪತ್ರಿಕೆಗಳಿಗೆ ಒಯ್ದರು. ದೊಡ್ಡ ಚರ್ಚೆಯೇ ಆಯಿತು. ಸಮಿತಿಯ ತೀರ್ಮಾನ ಮಾತ್ರ ಬದಲಾಗಲಿಲ್ಲ. ಅವರು ಪ್ಯಾರಿಸ್ ನೋಡಿದ್ದು ಆರೇಳು ವರ್ಷಗಳ ನಂತರ, 'ಗ್ಯಾಮಿನ್' ಎಂಬ ಬೀದಿ ಹುಡುಗನ ಶಿಲ್ಪ ತಂದುಕೊಟ್ಟ ಫೆಲೋಷಿಪ್ಪಿನಿಂದ.

ಪ್ಯಾರಿಸ್‌ನಿಂದ ಮರಳಿದಾಗ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಸಿಕ್ಕಿಕೊಂಡಿತ್ತು. ಶಿಲ್ಪ ಕೊಳ್ಳುವವರು ಎಲ್ಲಿಂದ ಬರಬೇಕು? ಆಗಸ್ಟಾ 1932ರಲ್ಲಿ ಹಾರ್ಲೆಮ್‌ನ 143ನೇ ಬೀದಿಯಲ್ಲಿ ತಮ್ಮ ಸ್ಟುಡಿಯೋ ತೆರೆದು, ಬಂದ ಮಕ್ಕಳಿಗೆ, ದೊಡ್ಡವರಿಗೆ ಕಲಿಸತೊಡಗಿದರು.

ಸರ್ಕಾರ ಸಂಬಳ ಕೊಟ್ಟ ಕಾಲ

1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಬೃಹತ್ ಯೋಜನೆಯನ್ನು ಕೈಗೆತ್ತಿಕೊಂಡಿತು. ರಸ್ತೆ, ಸೇತುವೆ, ಶಾಲಾ ಕಟ್ಟಡಗಳ ಜೊತೆಗೆ ಕಲೆಗೂ ಅದರಲ್ಲಿ ಒಂದು ವಿಭಾಗವಿತ್ತು. ಬಡಗಿಗೆ, ಗಾರೆಯವನಿಗೆ ಕೂಲಿ ಕೊಡುವಂತೆಯೇ ಚಿತ್ರಕಾರನಿಗೂ ವಾರದ ಸಂಬಳ ಸಿಗುವಂತಾಯಿತು. ಅದೇ ವಿಭಾಗದ ಅಡಿಯಲ್ಲಿ ದೇಶದಾದ್ಯಂತ ನೂರಕ್ಕೂ ಹೆಚ್ಚು ಸಮುದಾಯ ಕಲಾಕೇಂದ್ರಗಳು ತೆರೆದವು. ಶಿಕ್ಷಕರ ಸಂಬಳ ಸರ್ಕಾರದ್ದು. ಕಲಿಯುವವರಿಗೆ ಉಚಿತ.

ಹಾರ್ಲೆಮ್‌ನ ಕೇಂದ್ರ 1937ರ ಕೊನೆಯಲ್ಲಿ ಲೆನಾಕ್ಸ್ ಅವೆನ್ಯೂ ಮತ್ತು 125ನೇ ಬೀದಿ ಕೂಡುವ ಕಡೆ ಆರಂಭವಾಯಿತು. ಉದ್ಘಾಟನೆಯ ದಿನ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬಂದಿದ್ದರು. ಆಗಸ್ಟಾ ಮೊದಲ ನಿರ್ದೇಶಕಿ. ಚಿತ್ರ, ಶಿಲ್ಪ, ಮುದ್ರಣ ಚಿತ್ರ, ನೇಯ್ಗೆ ಮುಂತಾಗಿ ಹಲವು ತರಗತಿಗಳು ನಡೆಯುತ್ತಿದ್ದವು. 1,500ಕ್ಕೂ ಹೆಚ್ಚು ಜನ ಸೇರಿಕೊಂಡರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು, ದಿನವಿಡೀ ದುಡಿದು ಸಂಜೆ ಬರುವ ದೊಡ್ಡವರೂ ಇದ್ದರು.

ಆಗಸ್ಟಾ ಕಲಿಸುತ್ತಿದ್ದ ರೀತಿಗೆ ಒಂದು ಉದಾಹರಣೆ ಸಾಕು. ಜೇಕಬ್ ಲಾರೆನ್ಸ್ ಎಂಬ ಬಡ ಹುಡುಗ ಹಾರ್ಲೆಮ್‌ನಲ್ಲಿದ್ದ. ಕೆಲಸಕ್ಕೆ ಹೋಗುತ್ತಿದ್ದ ತಾಯಿ, ಮಗ ಬೀದಿಪಾಲಾಗದಿರಲಿ ಎಂದು ಶಾಲೆ ಬಿಟ್ಟ ಮೇಲೆ ನಡೆಯುವ ಚಿತ್ರಕಲೆಯ ತರಗತಿಗೆ ಸೇರಿಸಿದ್ದರು. ಹುಡುಗ ಬೆಳೆದಂತೆ ಸಂಪಾದನೆಯ ಒತ್ತಡ ಬಂತು. ಚಿತ್ರ ಬಿಡುವ ಹಂತ. ಆಗಸ್ಟಾ ಅವನನ್ನು ಕರೆದುಕೊಂಡು ಸರ್ಕಾರಿ ಕಲಾ ಯೋಜನೆಯ ಕಚೇರಿಗೆ ಹೋದರು. 21 ತುಂಬಿಲ್ಲ ಎಂದು ಕಚೇರಿಯವರು ವಾಪಸು ಕಳಿಸಿದರು. ಅಲ್ಲಿಗೆ ಆ ವಿಷಯವನ್ನು ಮರೆಯಬಹುದಿತ್ತು. ಆದರೆ ಅವನಿಗೆ 21 ತುಂಬಿದಾಗ ಆಗಸ್ಟಾ ಮತ್ತೆ ಅವನನ್ನು ಅದೇ ಕಚೇರಿಗೆ ಕರೆದೊಯ್ದರು. ಈ ಸಲ ಕೆಲಸ ಸಿಕ್ಕಿತು. ವಾರಕ್ಕೆ ಸುಮಾರು 24 ಡಾಲರ್ ಸಂಬಳ. ಕೆಲವೇ ವರ್ಷಗಳಲ್ಲಿ, 1941ರ ಹೊತ್ತಿಗೆ, ಅವನು ದಕ್ಷಿಣದಿಂದ ಉತ್ತರಕ್ಕೆ ಗುಳೆ ಬಂದ ತನ್ನ ಜನರ ಕಥೆಯನ್ನು 60 ಚಿತ್ರಗಳ ಮಾಲೆಯಾಗಿ ಬರೆದು ಮುಗಿಸಿದ. ಇಂದು ಆ ಮಾಲೆಯ ಅರ್ಧ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ, ಇನ್ನರ್ಧ ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹದಲ್ಲಿದೆ.

ಆಗಸ್ಟಾ ಅವರ ಬದುಕು ಮಾತ್ರ ಅಷ್ಟು ಸುಗಮವಾಗಿ ಸಾಗಲಿಲ್ಲ. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕೆ ಶಿಲ್ಪ ಮಾಡಿಕೊಡುವ ಕೆಲಸ ಬಂತು. ಹಾಡುವ ಮಕ್ಕಳೇ ತಂತಿಗಳಾಗಿ ನಿಂತ 16 ಅಡಿ ಎತ್ತರದ 'ಹಾರ್ಪ್' ಅನ್ನು ಅವರು ಪ್ಲಾಸ್ಟರಿನಲ್ಲಿ ಮಾಡಿದರು. ಲಕ್ಷಾಂತರ ಜನ ನೋಡಿ ಮೆಚ್ಚಿದರು. ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಉಳಿದ ಕಟ್ಟಡಗಳೊಂದಿಗೆ ಅದನ್ನೂ ಒಡೆದು ಹಾಕಿದರು. ಇತ್ತ ಕಲಾಕೇಂದ್ರದ ಹುದ್ದೆ ಆಗಲೇ ಬೇರೆಯವರ ಪಾಲಾಗಿತ್ತು. ಕೇಂದ್ರವೂ ಹೆಚ್ಚು ದಿನ ಉಳಿಯಲಿಲ್ಲ. ಯುದ್ಧ ಬಂತು, ಸರ್ಕಾರ ಕಲೆಗೆ ಕೊಡುತ್ತಿದ್ದ ಹಣ ನಿಂತಿತು, 1942ರ ಸುಮಾರಿಗೆ ಹಾರ್ಲೆಮ್‌ನ ಕೇಂದ್ರದ ಬಾಗಿಲು ಮುಚ್ಚಿತು. ತನ್ನ ಸ್ಮಾರಕ ತನ್ನ ವಿದ್ಯಾರ್ಥಿಗಳ ಕೆಲಸದಲ್ಲಿರುತ್ತದೆ ಎಂದು ಆಗಸ್ಟಾ ಹೇಳಿದ್ದುಂಟು. ಆ ಮಾತು ನಿಜವಾಯಿತು. ಆದರೆ ಮುಂದಿನ ಹುಡುಗ ಹುಡುಗಿಯರು ಬಂದು ಕೂರಲು ಕೋಣೆ ಉಳಿಯಲಿಲ್ಲ.

ಶಿಕಾಗೋದ ಬೀದಿ ಮೂಲೆ

ಅದೇ ಕಾಲದಲ್ಲಿ ಶಿಕಾಗೋದಲ್ಲಿ ಏನು ನಡೆಯುತ್ತಿತ್ತು ನೋಡೋಣ. ದಕ್ಷಿಣದ ಹತ್ತಿ ಹೊಲಗಳಿಂದ, ಹಿಂಸೆಯಿಂದ ತಪ್ಪಿಸಿಕೊಂಡು ಉತ್ತರದ ನಗರಗಳಿಗೆ ಬಂದ ಕಪ್ಪು ಜನರು ಶಿಕಾಗೋದ ದಕ್ಷಿಣ ಭಾಗದಲ್ಲಿ, ಬ್ರಾಂಝ್‌ವಿಲ್ ಎಂದು ಹೆಸರಾದ ಪ್ರದೇಶದಲ್ಲಿ ನೆಲೆಸಿದ್ದರು. ಬೇರೆ ಬಡಾವಣೆಗಳಲ್ಲಿ ಅವರಿಗೆ ಮನೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ ಎಂದು ಆಸ್ತಿ ಪತ್ರಗಳಲ್ಲೇ ಬರೆಯಲಾಗುತ್ತಿತ್ತು. ಹೀಗಾಗಿ ಇಕ್ಕಟ್ಟಿನ ಮನೆಗಳು, ಹೆಚ್ಚಿನ ಬಾಡಿಗೆ.

ಅಲ್ಲಿಯ ಕಲಾವಿದ ಹುಡುಗರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಜಾರ್ಜ್ ನೀಲ್ ಎಂಬ ಕಲಾವಿದರ ಸುತ್ತ ಸೇರಿದ ಒಂದು ಗುಂಪಿತ್ತು. ಎಲ್ಲರಿಗೂ ಕಾಲೇಜಿಗೆ ಹೋಗುವಷ್ಟು ಹಣವಿರಲಿಲ್ಲ. ಹಾಗಾಗಿ ಪಾರ್ಟಿಗಳನ್ನು ಏರ್ಪಡಿಸಿ ಹಣ ಕೂಡಿಸುವರು. ಆ ಹಣದಲ್ಲಿ ಒಬ್ಬರನ್ನು ಶಿಕಾಗೋದ ಹೆಸರಾಂತ ಆರ್ಟ್ ಇನ್‌ಸ್ಟಿಟ್ಯೂಟಿನ ತರಗತಿಗೆ ಕಳಿಸುವರು. ಅವರು ಅಲ್ಲಿ ಕಲಿತದ್ದನ್ನು ಬಂದು ಉಳಿದವರಿಗೆ ಕಲಿಸಬೇಕು. ಒಬ್ಬರ ಫೀಸಿನಲ್ಲಿ ಹತ್ತಾರು ಜನರ ಕಲಿಕೆ! ಈ ಗುಂಪಿನಲ್ಲಿದ್ದ ಚಾರ್ಲ್ಸ್ ವೈಟ್ ಮುಂದೆ ದೊಡ್ಡ ಚಿತ್ರಕಾರರಾದರು. ಅವರ ತಾಯಿ ಮನೆಗೆಲಸ ಮಾಡುತ್ತಿದ್ದರು. ಕೆಲಸಕ್ಕೆ ಹೋಗುವಾಗ ಮಗನನ್ನು ಸಾರ್ವಜನಿಕ ಗ್ರಂಥಾಲಯದಲ್ಲಿ ಬಿಟ್ಟು ಹೋಗುತ್ತಿದ್ದರು. ಅವನಿಗೆ ಏಳು ವರ್ಷವಾದಾಗ ಬಣ್ಣದ ಪೆಟ್ಟಿಗೆ ಕೊಡಿಸಿದವರೂ ಆ ತಾಯಿಯೇ. ಇದೇ ಗುಂಪಿನಲ್ಲಿದ್ದ ಇನ್ನೊಬ್ಬರು ನಮ್ಮ ಕಥೆಯ ಮಾರ್ಗರೆಟ್. ಲೂಸಿಯಾನಾದ ಹಳ್ಳಿಯೊಂದರಿಂದ ಚಿಕ್ಕಂದಿನಲ್ಲೇ ಶಿಕಾಗೋಗೆ ಬಂದ ಕುಟುಂಬ ಅವರದು.

1938ರಲ್ಲಿ, ಬಡಾವಣೆಗೆ ಕಲಾಕೇಂದ್ರ ಬೇಕೆಂಬ ಮಾತು ಸಭೆಗಳಲ್ಲಿ ಬಂತು. ಸಮಾಜ ಕಾರ್ಯಕರ್ತೆ ಪಾಲಿನ್ ಕಿಗ್ ರೀಡ್, ಸರ್ಕಾರಿ ಕಲಾ ಯೋಜನೆಯ ಪೀಟರ್ ಪೊಲಾಕ್ ಮೊದಲಾದವರು ಜನರನ್ನು ಸೇರಿಸಿದರು. ಸರ್ಕಾರದ ಷರತ್ತು ಸ್ಪಷ್ಟವಾಗಿತ್ತು. ಶಿಕ್ಷಕರ ಸಂಬಳ, ಕಟ್ಟಡದ ದುರಸ್ತಿ ನಮ್ಮದು. ಕಟ್ಟಡವನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.

ಹೀಗೆ ಆರಂಭವಾಯಿತು 'ಮೈಲ್ ಆಫ್ ಡೈಮ್ಸ್' ಅಭಿಯಾನ. ಡೈಮ್ ಎಂದರೆ ಹತ್ತು ಸೆಂಟಿನ ಪುಟ್ಟ ನಾಣ್ಯ. ಒಂದರ ಪಕ್ಕ ಒಂದು ಜೋಡಿಸಿದರೆ ಒಂದು ಮೈಲಿ ಉದ್ದ ಆಗುವಷ್ಟು ನಾಣ್ಯ ಸೇರಿಸಬೇಕೆಂಬ ಸಂಕಲ್ಪ. ಇಪ್ಪತ್ತು ಇಪ್ಪತ್ತೈದರ ಆಸುಪಾಸಿನ ಮಾರ್ಗರೆಟ್ 39ನೇ ಬೀದಿಯ ಮೂಲೆಯಲ್ಲಿ ಡಬ್ಬಿ ಹಿಡಿದು ನಿಂತು, ಹೋಗಿ ಬರುವವರ ಬಳಿ ಡೈಮ್ ಕೇಳಿದರು. ಈ ಲೆಕ್ಕ ನೋಡಿ. ಡೈಮ್ ನಾಣ್ಯದ ಅಡ್ಡಗಲ ಸುಮಾರು 18 ಮಿಲಿಮೀಟರ್. ಒಂದು ಮೈಲಿಗೆ ಸುಮಾರು 90,000 ನಾಣ್ಯ ಬೇಕು. ಅಂದರೆ ಸುಮಾರು 9,000 ಡಾಲರ್. ಮುಂದೆ ಅವರು ಕೊಂಡ ಮನೆಯ ಬೆಲೆ ಸುಮಾರು 8,000 ಡಾಲರ್!

ಬರೀ ಡಬ್ಬಿಯಿಂದಲೇ ಅಷ್ಟೂ ಹಣ ಬರಲಿಲ್ಲ. 1939ರಲ್ಲಿ ಸವಾಯ್ ಬಾಲ್‌ರೂಮಿನಲ್ಲಿ 'ಆರ್ಟಿಸ್ಟ್ಸ್ ಅಂಡ್ ಮಾಡೆಲ್ಸ್ ಬಾಲ್' ಎಂಬ ವೇಷಭೂಷಣದ ನೃತ್ಯಕೂಟ ನಡೆಯಿತು. ಮುಂದೆ ಅದು ವರ್ಷ ವರ್ಷದ ಹಬ್ಬವೇ ಆಯಿತು. ಟಿಕೆಟ್ ಮಾರಿದವರು, ಉಡುಪು ಹೊಲಿಸಿದವರು, ಊಟ ಬಡಿಸಿದವರು ಯಾರು ಎಂದು ನಮಗೆ ಬೇರೆ ಹೇಳಬೇಕಾಗಿಲ್ಲ. ಸಂಘದ ವಾರ್ಷಿಕೋತ್ಸವಕ್ಕೆ ಓಡಾಡಿದ ಯಾವ ಹೆಣ್ಣುಮಗಳಿಗಾದರೂ ಅದು ಗೊತ್ತು.

3831, ಸೌತ್ ಮಿಷಿಗನ್ ಅವೆನ್ಯೂ

1940ರಲ್ಲಿ ಕೊಂಡ ಆ ಮನೆ 1890ರ ದಶಕದಲ್ಲಿ ಧಾನ್ಯ ವ್ಯಾಪಾರದ ಶ್ರೀಮಂತರೊಬ್ಬರಿಗಾಗಿ ಕಟ್ಟಿದ್ದು. ಶ್ರೀಮಂತರು ಬಿಟ್ಟು ಹೋದ ಬೀದಿಯಲ್ಲಿ ಮನೆ ಹಳತಾಗಿತ್ತು. ಜರ್ಮನಿಯ ಬೌಹೌಸ್ ಕಲಾಶಾಲೆಯ ಪರಂಪರೆಯಲ್ಲಿ ಪಳಗಿದ ಇಬ್ಬರು ವಿನ್ಯಾಸಕಾರರು ಒಳಗಿನ ಕೋಣೆಗಳಿಗೆ ಹೊಸ ರೂಪ ಕೊಟ್ಟರು. ಕೆಳಗಿನ ಹಜಾರದ ಗೋಡೆಗೆ ಮರದ ಹಲಗೆ ಹೊದಿಸಿದರು. ಎಂಟು ದಶಕಗಳ ಪ್ರದರ್ಶನಗಳಲ್ಲಿ ಚಿತ್ರ ತೂಗುಹಾಕಲು ಹೊಡೆದ ಮೊಳೆಗಳ ತೂತುಗಳು ಆ ಹಲಗೆಗಳ ಮೇಲೆ ಇಂದಿಗೂ ಇವೆ.

ಕೇಂದ್ರ 1940ರ ಡಿಸೆಂಬರ್‌ನಲ್ಲಿ ತೆರೆಯಿತು. 1941ರ ಮೇ 7ರಂದು ಎಲೀನರ್ ರೂಸ್‌ವೆಲ್ಟ್ ಬಂದು ವಿಧ್ಯುಕ್ತವಾಗಿ ಲೋಕಾರ್ಪಣೆ ಮಾಡಿದರು. ಆ ಮೊದಲ ವರ್ಷಗಳಲ್ಲಿ ಅಲ್ಲಿಗೆ ಬಂದವರನ್ನು ನೋಡಿ. ಗಾರ್ಡನ್ ಪಾರ್ಕ್ಸ್ ಎಂಬ ಯುವಕನಿಗೆ ನೆಲಮಾಳಿಗೆಯಲ್ಲಿ ಫೋಟೋ ತೊಳೆಯುವ ಕತ್ತಲೆ ಕೋಣೆ ಸಿಕ್ಕಿತು. ಬಾಡಿಗೆ ಕೊಟ್ಟು ಅಂಥದ್ದನ್ನು ಪಡೆಯುವ ಶಕ್ತಿ ಅವನಿಗಿರಲಿಲ್ಲ. ಮುಂದೆ ಅವನು ಅಮೆರಿಕದ ಮಹತ್ವದ ಛಾಯಾಗ್ರಾಹಕರಲ್ಲಿ ಒಬ್ಬನಾದ. 1941ರಲ್ಲಿ ಇನೆಜ್ ಕನಿಂಗ್‌ಹ್ಯಾಮ್ ಸ್ಟಾರ್ಕ್ ಎಂಬ ಶ್ರೀಮಂತ ಬಿಳಿಯ ಮಹಿಳೆ ಅಲ್ಲಿ ಕವಿತೆಯ ತರಗತಿ ನಡೆಸಿದರು. ಆ ಬಡಾವಣೆಗೆ ಹೋಗಬೇಡ ಎಂದು ಗೆಳತಿಯರು ಎಚ್ಚರಿಸಿದರೂ ಆಕೆ ಬರುತ್ತಿದ್ದರು. ಆ ತರಗತಿಯಲ್ಲಿ ಕೂತು ತಮ್ಮ ಕವಿತೆಗಳನ್ನು ತಿದ್ದಿಕೊಂಡವರಲ್ಲಿ ಗ್ವೆಂಡೊಲಿನ್ ಬ್ರೂಕ್ಸ್ ಒಬ್ಬರು. ಆಗ ಅವರ ಮಗ ಇನ್ನೂ ಕೂಸು. 1950ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ.

1941ರ ಬೇಸಿಗೆಯಲ್ಲಿ ಎಲಿಜಬೆತ್ ಕ್ಯಾಟ್ಲೆಟ್ ಎಂಬ ಶಿಲ್ಪಿ ಈ ಕೇಂದ್ರಕ್ಕೆ ಲಿಥೋ ಮುದ್ರಣ ಕಲಿಯಲು ಬಂದರು. ಅವರು ಆಗ ನ್ಯೂ ಆರ್ಲಿಯನ್ಸ್‌ನಲ್ಲಿ ಅಧ್ಯಾಪಕಿ. ಆ ಊರಿನ ಕಲಾ ಸಂಗ್ರಹಾಲಯ ಇದ್ದದ್ದು ಕಪ್ಪು ಜನರಿಗೆ ಪ್ರವೇಶವಿಲ್ಲದ ಉದ್ಯಾನದೊಳಗೆ. ಪಿಕಾಸೋ ಚಿತ್ರಗಳ ಪ್ರದರ್ಶನ ಬಂದಾಗ ಎಲಿಜಬೆತ್ ಸಂಗ್ರಹಾಲಯಕ್ಕೆ ರಜೆಯಿರುವ ದಿನ ಗೊತ್ತುಮಾಡಿಕೊಂಡು, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ನೇರ ಬಾಗಿಲಿಗೇ ಕರೆದೊಯ್ದು ಇಳಿಸಿದ್ದರು. ಉದ್ಯಾನದಲ್ಲಿ ಕಾಲಿಡುವಂತಿಲ್ಲ ತಾನೆ? ಕಾಲಿಡದೆಯೇ ಒಳಗೆ ಹೋದರು! ಹಾಗೆ ಚಿತ್ರ ನೋಡಬೇಕಾಗಿದ್ದ ಜನರಿಗೆ, ಮುಂಬಾಗಿಲಿನಿಂದಲೇ ಒಳಗೆ ಬರಬಹುದಾದ ಸ್ವಂತ ಮನೆಯೊಂದು ಎಷ್ಟು ದೊಡ್ಡದಾಗಿ ಕಂಡಿರಬೇಕು.

ಹಣ ನಿಂತ ಮೇಲೆ

1943ರಲ್ಲಿ ಸರ್ಕಾರದ ಕಲಾ ಯೋಜನೆ ಪೂರ್ತಿ ನಿಂತಿತು. ದೇಶದ ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಹೆಚ್ಚಿನವು ಮುಚ್ಚಿದವು. ಹಾರ್ಲೆಮ್‌ನವರು ಕಡಿಮೆ ದುಡಿದರು, ಶಿಕಾಗೋದವರು ಹೆಚ್ಚು ದುಡಿದರು ಎಂದು ಇದಕ್ಕೆ ಅರ್ಥವಲ್ಲ. ಶಿಕಾಗೋದಲ್ಲಿ ಸಂಬಳ ನಿಂತರೂ ಮನೆ ಉಳಿಯಿತು. ಅದು ಬಡಾವಣೆಯ ಜನ ಕೊಂಡ ಮನೆಯಾದ್ದರಿಂದ ಅವರನ್ನು ತೆರವು ಮಾಡಿಸುವವರು ಇರಲಿಲ್ಲ. ಆಮೇಲಿನ ದಶಕಗಳಲ್ಲಿ ಶಾಲಾ ಶಿಕ್ಷಕಿಯರು, ಸಮಾಜ ಕಾರ್ಯಕರ್ತೆಯರು, ಮಹಿಳಾ ಕ್ಲಬ್ಬುಗಳ ಸದಸ್ಯೆಯರು ಸದಸ್ಯತ್ವದ ಹಣ, ಊಟದ ಕೂಟ, ವರ್ಷದ ನೃತ್ಯಕೂಟಗಳಿಂದ ಆ ಮನೆಯ ದೀಪ ಆರದಂತೆ ನೋಡಿಕೊಂಡರು.

ಆದರೆ ಈ ಕಥೆಯಲ್ಲಿ ನೋವಿನ ಒಂದು ಅಧ್ಯಾಯವೂ ಇದೆ. 1950ರ ದಶಕ ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಸಂಶಯದ ಕಾಲ. ಎಡಪಂಥೀಯ ಗೆಳೆಯರಿದ್ದ ಮಾರ್ಗರೆಟ್ ಅವರ ಮೇಲೂ ಆ ಸಂಶಯ ಬಿತ್ತು. ಡಬ್ಬಿ ಹಿಡಿದು ನಿಂತು ಕಟ್ಟಿದ ಕೇಂದ್ರದಿಂದಲೇ ಅವರನ್ನು ದೂರ ಇಡಲಾಯಿತು. ಹೆದರಿದ ಸಂಸ್ಥೆ ತನ್ನವರನ್ನೇ ಹೊರಗಿಡುತ್ತದೆ. ಕಟ್ಟಡ ನಮ್ಮದಾದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂದು ತಿಳಿಯುವಂತಿಲ್ಲ.

ಮಾರ್ಗರೆಟ್ ಬೇಸರದಲ್ಲಿ ಕೂರಲಿಲ್ಲ. 1946ರಿಂದ 1969ರವರೆಗೆ ಡುಸೇಬಲ್ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದರು. ಮೆಕ್ಸಿಕೋಗೆ ಹೋಗಿ ಅಲ್ಲಿಯ ಜನಪರ ಮುದ್ರಣ ಕಲಾವಿದರೊಂದಿಗೆ ಕೆಲಸ ಮಾಡಿ ಬಂದರು. ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಮುದ್ರಿಸಿದ ಚಿತ್ರಗಳು ಅವರಿಗೆ ಪ್ರಿಯವಾದವು. ಒಂದೇ ಅಚ್ಚಿನಿಂದ ಹಲವು ಪ್ರತಿ ತೆಗೆಯಬಹುದು, ಸಾಮಾನ್ಯ ಮನೆಯವರೂ ಕೊಳ್ಳಬಹುದು. 1961ರಲ್ಲಿ ಪತಿ ಚಾರ್ಲ್ಸ್ ಅವರೊಂದಿಗೆ ಸೇರಿ ಕಪ್ಪು ಜನರ ಇತಿಹಾಸದ ವಸ್ತುಸಂಗ್ರಹಾಲಯ ಆರಂಭಿಸಿದರು. ಎಲ್ಲಿ? ತಮ್ಮ ಮನೆಯಲ್ಲೇ, ಅದೇ ಸೌತ್ ಮಿಷಿಗನ್ ಅವೆನ್ಯೂದಲ್ಲಿ, ಕಲಾಕೇಂದ್ರದ ಎದುರಿಗೇ! ಅದೇ ಬೆಳೆದು ಮುಂದೆ ಡುಸೇಬಲ್ ಮ್ಯೂಸಿಯಂ ಆಯಿತು. ಸೆರೆಮನೆಗಳಿಗೆ ಹೋಗಿ ಕೈದಿಗಳಿಗೆ ಕಲೆ, ಕವಿತೆ ಕಲಿಸುವುದನ್ನು ಅವರು ಇಳಿವಯಸ್ಸಿನವರೆಗೂ ಬಿಡಲಿಲ್ಲ. 2010ರಲ್ಲಿ ತೀರಿಕೊಂಡರು. ಕಾಲ ಕಳೆದಂತೆ ಕಲಾಕೇಂದ್ರವೂ ಅವರನ್ನು ತನ್ನವರೆಂದು ಒಪ್ಪಿಕೊಂಡಿತ್ತು. ಮೊಳೆ ತೂತುಗಳ ಆ ಹಜಾರಕ್ಕೆ ಇಂದು ಅವರದೇ ಹೆಸರಿದೆ. ಮನೆಯನ್ನು 1994ರಲ್ಲಿ ಶಿಕಾಗೋ ನಗರದ ಸಂರಕ್ಷಿತ ಕಟ್ಟಡವೆಂದು ಘೋಷಿಸಲಾಯಿತು.

ನಮ್ಮ ಸಭಾಂಗಣದ ಕೀಲಿಕೈ

ಹೊರನಾಡಿನ ಕನ್ನಡಿಗರಿಗೆ ಈ ಕಥೆ ತೀರಾ ದೂರದ್ದೆಂದು ಅನ್ನಿಸಲಾರದು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವರು. ನಾಟಕದ ಟಿಕೆಟ್ಟು, ಸ್ಮರಣ ಸಂಚಿಕೆಯ ಜಾಹೀರಾತು, ಸದಸ್ಯರ ಸಣ್ಣ ಸಣ್ಣ ದೇಣಿಗೆಗಳಿಂದ ಪರವೂರುಗಳಲ್ಲಿ ಸಂಘದ ಕಟ್ಟಡಗಳು ಎದ್ದಿವೆ. ಅವೂ ನಮ್ಮ ಡೈಮ್‌ಗಳೇ.

ಇಂದು ಆ ಸಭಾಂಗಣಗಳಲ್ಲಿ ನಮ್ಮ ಮಕ್ಕಳ ಭರತನಾಟ್ಯ, ಯಕ್ಷಗಾನ, ಸುಗಮ ಸಂಗೀತ ನಡೆಯುತ್ತದೆ. ಸಂತೋಷವೇ. ಆದರೆ ಅದೇ ಕಟ್ಟಡ ಗುಡಿಸುವವರ ಮಗಳು, ನಮ್ಮ ಮನೆಗೆಲಸಕ್ಕೆ ಬರುವ ಬಾಯಿಯ ಮಗ, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕುಟುಂಬದ ಮಕ್ಕಳು ಬಾಗಿಲಿನಾಚೆ ನಿಂತು ನೋಡಿದರೆ ಸಾಕೆ? ಅವರಿಗೆ ಬಣ್ಣ, ಕಾಗದ, ಒಂದಿಷ್ಟು ತಿಂಡಿ, ಹೋಗಿ ಬರುವ ಖರ್ಚು ಸೇರಿಸಿ ಲೆಕ್ಕ ಹಾಕಿದರೂ ಒಂದು ವಾರ್ಷಿಕೋತ್ಸವದ ವೇದಿಕೆ ಅಲಂಕಾರಕ್ಕೆ ಆಗುವುದಕ್ಕಿಂತ ಹೆಚ್ಚಾಗಲಿಕ್ಕಿಲ್ಲ. ಕಲಿಸಬಲ್ಲ ಗೆಳತಿಯರು ನಮ್ಮ ವೇದಿಕೆಯಲ್ಲೇ ಇದ್ದಾರೆ. ಜೇಕಬ್ ಲಾರೆನ್ಸನನ್ನು ಎರಡನೆಯ ಸಲ ಅದೇ ಕಚೇರಿಗೆ ಕರೆದೊಯ್ದಷ್ಟು ತಾಳ್ಮೆ ಇದ್ದರಾಯಿತು.

ಆಗಸ್ಟಾ ಅವರ ಬಳಿ ಎಲ್ಲವೂ ಇತ್ತು, ಸ್ವಂತ ಕೋಣೆಯೊಂದನ್ನು ಬಿಟ್ಟು. ನಮಗೆ ಕೋಣೆ ಇದೆ, ಕೀಲಿಕೈಯೂ ನಮ್ಮ ಬಳಿಯೇ ಇದೆ. ವಾರದಲ್ಲಿ ಎರಡು ಸಂಜೆ ಅದನ್ನು ಯಾರಿಗಾಗಿ ತೆರೆಯಬೇಕು ಎಂಬುದನ್ನು ಮುಂದಿನ ಸಭೆಯಲ್ಲಿ ನಾವೇ ಕೂತು ತೀರ್ಮಾನಿಸೋಣ.